ನೂರಕ್ಕೆ ಹನ್ನೆರಡು

ಫ್ಲಾರಿಡಾದ ನಮ್ಮ ಟ್ರೇಲರ್ ಮನೆಗಳ ಕಾಲನಿಯಲ್ಲಿ ಮುದುಕರಿಗೆ ಎರಡೇ ಮಾತು: ಮಂಡಿನೋವು, ಮತ್ತು ಈ ತಿಂಗಳು ಯಾರ ಫಂಡು ಎಷ್ಟು ಕೊಟ್ಟಿತು. ಡ್ವೈಟ್ ಹ್ಯಾನ್ಲಿಗೆ ಎರಡನೆಯದೇ ಚಿಂತೆ. ಟೈರು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿ ಲೊರೆಟ್ಟಾಗೆ ಮರೆವಿನ ಕಾಯಿಲೆ. ಅವಳಿದ್ದ ಆರೈಕೆಮನೆ ನಮ್ಮ ಗೇಟಿನ ಎದುರಿಗೇ ಇತ್ತು. ದಿನಾ ಮಧ್ಯಾಹ್ನ ಹೋಗಿ ತಾನೇ ಉಣ್ಣಿಸಿ ಬರುತ್ತಿದ್ದ. ಅವಳಿಗೆ ಅವನ ಹೆಸರು ಮರೆತಿತ್ತು. ಮಧ್ಯಾಹ್ನ ಬರುವವನು ಗಂಡ ಎನ್ನುವುದು ಮಾತ್ರ ಗೊತ್ತಿತ್ತು.

ಆ ಮನೆಯ ಖರ್ಚಿಗಾಗಿಯೇ ಅವನು ಫಂಡು ಹುಡುಕಿದ್ದು. ಈ ಫಂಡುಗಳವರು ಷೇರು ಇಟ್ಟುಕೊಂಡು, ಮುಂದೆ ಬೆಲೆ ಏರಿದರೆ ಆ ಲಾಭ ನಿನಗೆ ಎಂದು ಇನ್ನೊಬ್ಬನಿಗೆ ಮೊದಲೇ ಮಾರಿ, ಬಂದ ಹಣವನ್ನು ನಮಗೆ ಹಂಚುತ್ತಾರೆ. ನನ್ನ ಫಂಡು ಏರಿಕೆಯಲ್ಲಿ ಅರ್ಧ ಮಾತ್ರ ಮಾರಿ ವರ್ಷಕ್ಕೆ ನೂರಕ್ಕೆ ಏಳು ಕೊಡುತ್ತಿತ್ತು. ಡ್ವೈಟ್ ಆರಿಸಿದ್ದು ಪೂರ್ತಿ ಮಾರುವುದನ್ನು. ನೂರಕ್ಕೆ ಹನ್ನೆರಡು.

“ಏರಿದ್ರೆ ಅವ್ರಿಗೆ, ಇಳಿದ್ರೆ ನಿಂಗೆ. ಅಸಲು ಕರಗುತ್ತೆ ಕಣೋ,” ಅಂದೆ.

“ನಿಂಗಿರೋದು ಒಂದು ಬೆಕ್ಕು, ಮಾರ್ಜ್. ಏಳರಲ್ಲಿ ನಡೆಯುತ್ತೆ. ಲೊರೆಟ್ಟಾಗೆ ಹನ್ನೆರಡೇ ಬೇಕು.”

ಅವನ ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಸಂಕಟ ಅದಕ್ಕೇ. ಫಂಡಿನ ಜಾಹೀರಾತಿನಲ್ಲಿ ಹನ್ನೆರಡು ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದವರಿಗೆ ನನ್ನ ಶಾಪವಿದೆ.

ಷೇರುಪೇಟೆ ಬಿತ್ತು, ಎಲ್ಲರ ಫಂಡೂ ಬಿತ್ತು. ಮತ್ತೆ ಎದ್ದಾಗ ನನ್ನದು ಕುಂಟುತ್ತ ಎದ್ದಿತು, ಅವನದು ಬಿದ್ದಲ್ಲೇ ಉಳಿಯಿತು. ಏರಿಕೆಯನ್ನು ಮಾರಿಯಾಗಿತ್ತಲ್ಲ. ನೂರಕ್ಕೆ ಹನ್ನೆರಡೇನೋ ಬರುತ್ತಿತ್ತು, ಆದರೆ ಅವನ ನೂರು ಅರವತ್ತಾಗಿತ್ತು. ಬಂದದ್ದರಲ್ಲೂ ಒಂದು ಪಾಲು ಅವನದೇ ಅಸಲನ್ನು ಮುರಿದು ಕೊಟ್ಟದ್ದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ. ಇವನು ಉಂಡದ್ದಾದರೂ ಏನು?

ಆರೈಕೆಮನೆಗೆ ಕಟ್ಟಲಾಗದೆ ಲೊರೆಟ್ಟಾಳನ್ನು ಸರ್ಕಾರದ ಖರ್ಚಿನಲ್ಲಿ ನಡೆಯುವ ಮನೆಗೆ ಸೇರಿಸಬೇಕಾಯಿತು. ಕಾರಿನಲ್ಲಿ ಮೂರು ಗಂಟೆಯ ದಾರಿ. ಡ್ವೈಟ್‌ಗೆ ಕಣ್ಣು ಮಂಜಾಗಿ ಗಾಡಿ ಓಡಿಸುವುದು ನಿಂತಿತ್ತು. ಅವಳು ಹೋಗಿ ತಿಂಗಳಾದ ಮೇಲೆ ನಾನೇ ಅವನನ್ನು ಕರೆದುಕೊಂಡು ಹೋದೆ.

ಡ್ವೈಟ್ ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ಕಿವುಚಿದ ಆಲೂಗಡ್ಡೆಯನ್ನು ಚಮಚದಲ್ಲಿ ತೆಗೆದು ಬಾಯಿಗೆ ಹಿಡಿದ. ಅವಳು ಮುಖ ತಿರುಗಿಸಿದಳು.

“ಯಾರಪ್ಪ ನೀವು? ಆ ಕುರ್ಚಿ ಬಿಡಿ. ಮಧ್ಯಾಹ್ನ ನನ್ನ ಗಂಡ ಬರ್ತಾನೆ.”

ಡ್ವೈಟ್ ಎದ್ದು ಗೋಡೆ ಹಿಡಿದು ನಿಂತ. “ದಿನಾ ಬರ್ತಾನಾ?” ಅಂತ ಕೇಳಿದ.

“ಈಚೆಗೆ ಬಂದಿಲ್ಲ. ಆದ್ರೂ ಕುರ್ಚಿ ಇರ್ಲಿ.”

ತಟ್ಟೆಯ ಊಟ ಆರುವ ತನಕ ನಾವು ಮೂವರೂ ಅವನ ದಾರಿ ನೋಡಿದೆವು.