ನೆಲದ ಮೇಲೆ ಹೊರಟ ದೋಣಿ

ಮೂವತ್ತೆರಡು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ನಿವೃತ್ತರಾಗಿ ಮನೆಯಲ್ಲಿ ಕೂತರು. ಕೂತರು ಎನ್ನುವುದು ಬರೀ ಮಾತಿಗೆ. ಅವರಿಗೆ ಕೂತು ಅಭ್ಯಾಸವೇ ಇರಲಿಲ್ಲ. ನಡುಮನೆಯ ಬಾಗಿಲಲ್ಲಿ ನಿಂತು ಬಂದ ನೆಂಟರಿಗೆಲ್ಲ "ಒಳಗಡೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎನ್ನುತ್ತಿದ್ದರು. ಸೋಫಾದಲ್ಲಿ ಮೂವರು ಕೂತಿದ್ದರೆ ಒತ್ತರಿಸಿ ನಾಲ್ಕನೆಯವರಿಗೆ ಜಾಗ ಮಾಡಿಸದೆ ಬಿಡುತ್ತಿರಲಿಲ್ಲ. ಎರಡೇ ತಿಂಗಳಿಗೆ ಹೆಂಡತಿಗೆ ತಲೆ ಚಿಟ್ಟು ಹಿಡಿಯಿತು. ತಮ್ಮನನ್ನು ಕರೆಸಿ, "ನಿಮ್ಮ ಭಾವನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಪ್ಪ, ಕೈ ಮುಗೀತೀನಿ" ಎಂದರು.

ಆ ತಮ್ಮ ಮರದ ದೋಣಿಗಳ ಕ್ಲಬ್ಬೊಂದರ ಕಾರ್ಯದರ್ಶಿ. ಭಾವನನ್ನು ಕೆರೆಗೆ ಕರೆದೊಯ್ದು, ಇಬ್ಬರು ಕೂರುವ ಪುಟ್ಟ ದೋಣಿಗೆ ಹತ್ತಿಸಿದ. ದಡ ಬಿಟ್ಟ ಕೂಡಲೇ ಕಂಡಕ್ಟರು ಎದ್ದು ನಿಂತರು. ದೋಣಿ ಮಗುಚಿತು. ಎರಡನೇ ಸಲವೂ ನಿಂತರು, ಎರಡನೇ ಸಲವೂ ಮಗುಚಿತು. ಅಂದಿನಿಂದ ಅವರಿಗೆ ದಡದಲ್ಲೇ ಕೆಲಸ: ದೋಣಿಗೆ ಉಪ್ಪುಕಾಗದ ಉಜ್ಜುವುದು, ವಾರ್ನಿಷ್ ಹೊಡೆಯುವುದು.

ಒಂದು ಭಾನುವಾರ ಕ್ಲಬ್ಬಿನವರು ಊರಿನ ಮ್ಯೂಸಿಯಂನಲ್ಲಿ ಜನರಿಗೆ ಮರದ ದೋಣಿಗಳನ್ನು ಪರಿಚಯಿಸುವ ಕಾರ್ಯಕ್ರಮ ಇಟ್ಟುಕೊಂಡರು. ಉದ್ದನೆಯ ದೋಣಿಯೊಂದನ್ನು ನಾಲ್ಕು ಗಾಲಿಯ ಹಲಗೆಯ ಮೇಲೆ ಕಟ್ಟಿ, ಗಾಲಿಗೆ ಮರದ ತುಂಡು ಅಡ್ಡ ಕೊಟ್ಟು, ಮೊದಲ ಮಹಡಿಯಿಂದ ಕೆಳಗಿಳಿಯುವ ಇಳಿಜಾರಿನ ಮೇಲ್ತುದಿಯಲ್ಲಿ ನಿಲ್ಲಿಸಿದರು.

"ಭಾವ, ಒಂದು ಸಲಕ್ಕೆ ಇಬ್ಬರನ್ನೇ ಕೂರಿಸಿ. ಹುಟ್ಟು ಹಿಡಿಯೋದು ಹೇಗೆ ಅಂತ ತೋರಿಸಿ, ಇಳಿಸಿ. ಅಷ್ಟೇ."

"ಅಷ್ಟೇ ತಾನೇ? ಬಿಡಪ್ಪ."

ಹನ್ನೊಂದು ಗಂಟೆಯಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಜನವೆಲ್ಲ ಹಳೇ ನಾಣ್ಯಗಳ ಕೋಣೆಯ ಮುಂದೆ ಮುಗಿಬಿದ್ದಿತ್ತು. ಖಾಲಿ ಗಾಡಿ ನೋಡುತ್ತ ಕಂಡಕ್ಟರಿಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿಯೇಬಿಟ್ಟರು. "ಬನ್ನಿ ಬನ್ನಿ, ಖಾಲಿ ಇದೆ, ಖಾಲಿ ಇದೆ! ಅಮ್ಮಾ, ಹತ್ತಿ ಬೇಗ!"

ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಎರಡು ನಿಮಿಷದಲ್ಲಿ ದೋಣಿಯೊಳಗೆ ಒಂಬತ್ತು ಜನ. "ಮುಂದೆ ಜಾಗ ಇದೆ, ಸ್ವಲ್ಪ ಸರೀರಿ ಸಾರ್. ಅಜ್ಜಿಗೆ ಸೀಟು ಬಿಡಿ." ಕಾರ್ಯದರ್ಶಿ ದೂರದಿಂದ "ಭಾವಾ, ಇಬ್ಬರು! ಇಬ್ಬರು!" ಎಂದು ಅರಚಿದ. ಇನ್ನಿಬ್ಬರು ಬರುತ್ತಿದ್ದಾರೆಂದು ತಿಳಿದ ಕಂಡಕ್ಟರು ಜಾಗ ಮಾಡಿಸಿ, ಪಕ್ಕದಲ್ಲಿ ಹೋಗುತ್ತಿದ್ದ ಇಬ್ಬರನ್ನು ಹತ್ತಿಸಿಕೊಂಡರು. ಆಮೇಲೆ ಅಭ್ಯಾಸಬಲದಿಂದ ದೋಣಿಯ ಪಕ್ಕೆಗೆ ಎರಡು ಸಲ ಪಟಪಟ ಬಡಿದು ಹೇಳಿದರು:

"ರೈಟ್!"

ಮರದ ತುಂಡು ಜಾರಿತು. ದೋಣಿ ಹೊರಟಿತು.

ಕಂಡಕ್ಟರು ಬೆನ್ನಟ್ಟಿ ಓಡಿ ಹಿಂಬದಿಗೆ ಹಾರಿ ಹತ್ತಿದರು, ನೆಟ್ಟಗೆ ನಿಂತರು. ಈ ಸಲ ದೋಣಿ ಮಗುಚಲಿಲ್ಲ. ಮಡಕೆಗಳ ಸಾಲು ಎಡಕ್ಕೆ, ಕತ್ತಿ ಗುರಾಣಿಗಳು ಬಲಕ್ಕೆ ಸರಿದುಹೋದವು. ಹುಟ್ಟು ಸಿಕ್ಕಿದ ಒಬ್ಬರು ಗಾಳಿಯಲ್ಲೇ ಜೋರಾಗಿ ಹುಟ್ಟು ಹಾಕುತ್ತಿದ್ದರು. ಇಳಿಜಾರಿನ ಕೆಳಗೆ ಅತಿಥಿಗಳ ಮುಂದೆ ಭಾಷಣ ಮಾಡುತ್ತಿದ್ದ ಮ್ಯೂಸಿಯಂನ ಮುಖ್ಯಸ್ಥೆ, "ದೋಣಿ ಅನ್ನೋದು ಶಾಂತಿಯ ವಾಹನ" ಎನ್ನುತ್ತಲೇ ಪಕ್ಕಕ್ಕೆ ನೆಗೆದರು. ದೋಣಿ ದಪ್ಪ ಪರದೆಗೆ ನುಗ್ಗಿ, ಅದನ್ನೇ ಹೊದ್ದುಕೊಂಡು ನಿಂತಿತು.

ಪರದೆಯೊಳಗಿಂದ ಅಜ್ಜಿಯ ದನಿ ಬಂತು: "ಯಪ್ಪಾ, ಬಾತ್‌ರೂಮಿಗೆ ಇದೇ ಸ್ಟಾಪಾ?"

ಬಾತ್‌ರೂಮು ನಿಜಕ್ಕೂ ಅಲ್ಲೇ ಇತ್ತು. ಅಜ್ಜಿ ಕಂಡಕ್ಟರಿಗೆ ಒಳ್ಳೆಯದಾಗಲಿ ಎಂದು ಹರಸಿ ಇಳಿದರು. ಕಾರ್ಯದರ್ಶಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಉಳಿದ ಹತ್ತು ಜನ ಕ್ಲಬ್ಬಿಗೆ ಸೇರುತ್ತೇವೆ ಎಂದು ಮುತ್ತಿಕೊಂಡಾಗಲೂ ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮುಖ್ಯಸ್ಥೆ ಬೈಯಲೆಂದೇ ಕಂಡಕ್ಟರನ್ನು ತಮ್ಮ ಕೋಣೆಗೆ ಕರೆಸಿದರು. ಬೈದದ್ದೂ ಆಯಿತು. ಕೊನೆಗೆ ದನಿ ತಗ್ಗಿಸಿ, "ನಮ್ಮ ನಾಣ್ಯದ ಕೋಣೆ ಮುಂದೆ ಜನ ಕದಲೋದೇ ಇಲ್ಲ. ಭಾನುವಾರ ಬರ್ತೀರಾ?" ಎಂದು ಕೇಳಿದರು.

ಈಗ ಭಾನುವಾರಗಳಂದು ಕಂಡಕ್ಟರು "ಮುಂದೆ ನಡೀರಿ, ಮುಂದೆ ನಡೀರಿ" ಎಂದು ಜನರನ್ನು ಸಾಗಿಸುತ್ತಿರುತ್ತಾರೆ; ಇಡೀ ಮ್ಯೂಸಿಯಂ ನೋಡಲು ಒಂಬತ್ತು ನಿಮಿಷ ಸಾಕು. ಯಾರಿಗೂ ಏನೂ ಸರಿಯಾಗಿ ಕಾಣುವುದಿಲ್ಲವಂತೆ. ಆದರೆ ಬಹಳ ಜನ ಸುತ್ತಿ ಬಂದು, ಇನ್ನೊಂದು ಸಲ ಹೋಗೋಣ ಎನ್ನುತ್ತಾರೆ.