ಶೀಲಾವತಿಯ ಬೆರಳು

ಸದಾನಂದ ಸುಳ್ಳುಗಾರ. ಊರಿಗೆಲ್ಲ ಸುಳ್ಳು ಹೇಳುವವರನ್ನು ಕಂಡಿದ್ದೇನೆ. ಇವನು ತನ್ನ ಶ್ವಾಸಕೋಶದ ವಿಷಯದಲ್ಲೇ ವೈದ್ಯೆಯಾದ ನನಗೆ ಸುಳ್ಳು ಹೇಳಿದವನು.

ಮುಂಬಯಿಯ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಡುಗೆಮನೆಗೆ ಆರ್ಡರ್ ಕೂಗುವುದು ಅವನ ಕೆಲಸ. ಆರು ಟೇಬಲಿನ ತಿಂಡಿಯನ್ನು ಒಂದೇ ಉಸಿರಿನಲ್ಲಿ ಕೂಗಿ, ಗಿರಾಕಿಗಳು ತಿರುಗಿ ನೋಡಿದರೆ ದೊಡ್ಡ ಗಾಯಕನಂತೆ ತಲೆಬಾಗುತ್ತಿದ್ದ.

2021ರ ಏಪ್ರಿಲಿನಲ್ಲಿ ಅವನಿಗೆ ಕೊರೋನಾ ಬಂತು. ಜೋಗೇಶ್ವರಿ ಬಡಾವಣೆಯ ತನ್ನ ಮನೆಯಲ್ಲೇ ಇದ್ದು, ದಿನಕ್ಕೆರಡು ಸಲ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಫೋಟೊ ಕಳಿಸಲು ಹೇಳಿದೆ. ರಕ್ತದ ಆಮ್ಲಜನಕ ತೊಂಬತ್ತೆಂಟು ಎಂದು ತೋರಿಸುವ ಫೋಟೊಗಳು ಬಹಳ ಶಿಸ್ತಿನಿಂದ ಬಂದವು. ಎಂಟನೆಯ ದಿನದ ಫೋಟೊದಲ್ಲಿ ಬಳೆಯೂ ಇತ್ತು.

ಬೆರಳು ಹೆಂಡತಿ ಶೀಲಾವತಿಯದು. ಅವನ ಬೆರಳಿಗೆ ಸಿಕ್ಕಿಸಿದರೆ ಎಪ್ಪತ್ತೊಂಬತ್ತು.

"ಆಸ್ಪತ್ರೆ ಸೇರಿದ್ರೆ... ಧಣಿ ಬೇರೆಯವ್ರನ್ನು... ಇಡ್ತಾರೆ ಡಾಕ್ಟ್ರಮ್ಮ," ಎಂದು ಮೂರು ಕಂತಿನಲ್ಲಿ ವಿವರಿಸಿದ.

ಶೀಲಾವತಿಯ ಶ್ವಾಸಕೋಶ ಅತ್ಯುತ್ತಮವಾಗಿದೆ ಎಂಬುದಕ್ಕೆ ಹದಿನೈದು ಫೋಟೊಗಳ ದಾಖಲೆಯಿದೆ. ಅವನದರಲ್ಲಿ ಗಾಳಿ ತುಂಬಬೇಕಾದ ಪುಟ್ಟ ಚೀಲಗಳೊಳಗೆ ದ್ರವ ತುಂಬಿ, ಆಮ್ಲಜನಕ ರಕ್ತಕ್ಕೆ ದಾಟುತ್ತಿರಲಿಲ್ಲ. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿದ. ದ್ರವ ಆರಿದರೂ ಚೀಲಗಳ ಗೋಡೆ ಕಲೆಗಟ್ಟಿ ಬಿರುಸಾಯಿತು. ಹಬೆಯಿಂದ ಆಗಷ್ಟೇ ಇಳಿಸಿದ ಇಡ್ಲಿಯಂತಿರಬೇಕಾದ್ದು ಅಲ್ಲಲ್ಲಿ ನಿನ್ನೆಯ ಇಡ್ಲಿಯಾಗಿತ್ತು.

ಕೆಲಸಕ್ಕೆ ಮರಳಿದವನು ಎರಡು ಟೇಬಲಿಗೊಮ್ಮೆ ನಿಂತು, ನಗುವ ನೆಪದಲ್ಲಿ ಉಸಿರೆಳೆದುಕೊಳ್ಳುತ್ತಿದ್ದ.

"ಏನು ಸದಾನಂದಣ್ಣ, ನಡುನಡುವೆ ಸ್ಟೇಷನ್ ಬರ್ತದೆ?" ಎಂದ ಮಾಲೀಕ ರೋಶನ್.

"ಈಗ ಸ್ಲೋ ಲೋಕಲ್ ಧಣಿ. ಗಿರಾಕಿಗಳಿಗೆ ಅರ್ಥ ಆಗ್ಬೇಕಲ್ಲ!"

"ಅರ್ಥ ಆಗ್ಬೇಕಾದ್ದು ಅಡುಗೆ ಭಟ್ರಿಗೆ ಮಾರಾಯ್ರೆ. ಉಸಿರು ಸಾಲದಿದ್ರೆ ಹೇಳಿ, ಬೇರೆಯವ್ರನ್ನು ನೋಡ್ತೇನೆ."

"ಉಸಿರು ಫಸ್ಟ್ ಕ್ಲಾಸ್ ಉಂಟು!"

ಮುಂದಿನ ಜನವರಿಯಲ್ಲಿ ಮತ್ತೊಂದು ಅಲೆ. ಕೆಲಸಗಾರರೆಲ್ಲ ಬೆಳಿಗ್ಗೆ ಆಕ್ಸಿಮೀಟರಿನ ಫೋಟೊ ತೋರಿಸಬೇಕೆಂದು ರೋಶನ್ ನಿಯಮ ಮಾಡಿದ್ದ. ನಾನು ಕಾಫಿಗೆ ಹೋದ ದಿನ, ಪಾತ್ರೆ ತೊಳೆಯುವ ವಿಜಯಪುರದ ಪರಪ್ಪ ಕೆಮ್ಮುತ್ತಲೇ ಫೋನ್ ಚಾಚಿದ.

"ಏನೂ ಆಗಿಲ್ರೀ ಮಾಲಕ್ರ. ತೊಂಬತ್ತೆಂಟ ಐತಿ ನೋಡ್ರಿ."

ಸದಾನಂದ ಫೋಟೊದತ್ತ ಬಗ್ಗಿದ. "ಯಾರ ಬೆರಳು ಮಾರಾಯ?"

"ನಂದ ರೀ ಅಣ್ಣಾ."

ಸದಾನಂದ ಉಗ್ರಾಣದ ಹದಿನಾಲ್ಕು ಮೆಟ್ಟಿಲು ಹತ್ತಿದ, ಇಳಿದ. ಜೇಬಿನಿಂದ ಆಕ್ಸಿಮೀಟರ್ ತೆಗೆದು ತನ್ನ ಬೆರಳಿಗೆ ಸಿಕ್ಕಿಸಿ, ಮೊದಲು ಪರಪ್ಪನಿಗೆ, ಆಮೇಲೆ ರೋಶನ್‌ಗೆ ತೋರಿಸಿದ. ಎಂಬತ್ನಾಲ್ಕು. ಮೆಟ್ಟಿಲು ಹತ್ತಿದರೆ ಅವನ ಅಂಕೆ ಹೀಗೆ ಇಳಿಯುವುದು ಅಷ್ಟು ದಿನ ನನಗೂ ಶೀಲಾವತಿಗೂ ಮಾತ್ರ ಗೊತ್ತಿತ್ತು.

"ಇದು... ನಂದೇ ಬೆರಳು ಧಣಿ," ಎಂದ.