ಮುಚ್ಚಳದ ಒಳಗಿನ ಮೂರು ಗೆರೆ

ರಾಯಚೂರಿನ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿನ ಇಂಜಿನ್ ಮೇಲಿನ ಮುಚ್ಚಳ ತೆಗೆದ ಕೂಡಲೇ ಸುಟ್ಟ ಆಯಿಲ್ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಗ್ಯಾರೇಜಿನವರು ಮುಖ ಸಿಂಡರಿಸಿದರು. ನಾನು ಮಾತ್ರ ಇನ್ನೊಮ್ಮೆ ಮೂಸಿದೆ. ಮಾನ್ವಿಯ ಮಿಸ್ತ್ರಿಯ ಅಂಗಿಯಿಂದ ಇದೇ ವಾಸನೆ ಬರುತ್ತಿತ್ತು...

"ಒಳಗಿನ ಸಾಮಾನೆಲ್ಲ ಸವದು ಹೋಗ್ಯಾವ್ರಿ ಸರ," ಎಂದರು ಗ್ಯಾರೇಜಿನವರು. "ಪೂರಾ ಬಿಚ್ಚಿ ಹೊಸಾ ಹಾಕಬೇಕು. ಗಾಡಿ ಮಾರಿದ್ರ ಬರೋದಕ್ಕಿಂತ ಜಾಸ್ತಿ ಖರ್ಚು ಬರ್ತದ. ಮಾಡಲೋ ಬ್ಯಾಡೋ, ಈಗ ಹೇಳಿಬಿಡ್ರಿ."

ಮನೆಯಾಕೆ ಬೆಳಿಗ್ಗೆಯೇ ತೀರ್ಪು ಕೊಟ್ಟು ಕಳಿಸಿದ್ದಳು: "ಗುಜರಿಗೆ ಹಾಕಿ ಬರ್ರಿ, ಆಟೋದಾಗ ಅಡ್ಡಾಡೂಣು." ಅವಳ ಮಾತು ಸರಿಯೇ. ಪಿಂಚಣಿಯವನಿಗೆ ಈ ರಿಪೇರಿ ತಲೆಕೆಟ್ಟ ಕೆಲಸ. ಆದರೆ ಈ ಕಾರಿನ ಮುಂದಿನ ಸೀಟಿನಲ್ಲಿ ನನ್ನವ್ವ ಕುಳಿತಿದ್ದಳು. ಮಂದಿಯ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದವಳು. ಮೊದಲ ಸಲ ನಮ್ಮೂರು ಜಾಲಹಳ್ಳಿಗೆ ಕರೆದುಕೊಂಡು ಹೋದಾಗ ಊರು ದಾಟುವವರೆಗೆ ಕಿಟಕಿಯ ಗಾಜು ಏರಿಸಲು ಬಿಡಲಿಲ್ಲ. ಧೂಳು ಬಂದರೆ ಬರಲಿ, ಮಂದಿ ನೋಡಲಿ ಅಂತ! ಆಕೆ ಹೋದ ಮೇಲೆ ಆ ಸೀಟಿನ ಹರಿದ ಕವರನ್ನೂ ನಾನು ಬದಲಿಸಿಲ್ಲ.

ಆ ದಿನಗಳಲ್ಲಿ ಕಾರು ನೋಡಿಕೊಳ್ಳುತ್ತಿದ್ದವನು ಮಿಸ್ತ್ರಿ. ಮಾನ್ವಿಯಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯ ಹಿಂದಿನ ಓಣಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಅವನಿಗೆ ಕಿವಿ ಪೂರಾ ಮಂದ. ಎದುರು ನಿಂತು ಕೂಗಿದರೆ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದ, ಉಳಿದರ್ಧಕ್ಕೆ ನಕ್ಕುಬಿಡುತ್ತಿದ್ದ. ಆದರೆ ಇಂಜಿನ್ನಿನ ಕಾಯಿಲೆ ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದ. ಸದ್ದು ಹಲ್ಲಿನಿಂದ ನೇರ ತಲೆಗೆ ಹೋಗುತ್ತಿತ್ತಂತೆ. ನೆಟ್ಟಗೆ ಕಿವಿ ಇದ್ದವರು ಮೂರು ದಿನ ತಡಕಾಡಿದ್ದನ್ನು ಇವನು ಚಹಾ ಆರುವುದರೊಳಗೆ ಬೆರಳಿಟ್ಟು ತೋರಿಸುತ್ತಿದ್ದ.

ಇನ್ನೊಂದು ಪದ್ಧತಿಯೂ ಅವನಿಗಿತ್ತು. ಇಂಜಿನ್ ಬಿಚ್ಚಿದಾಗಲೆಲ್ಲ ಮುಚ್ಚಳದ ಒಳಮೈಗೆ ಮೊಳೆಯಿಂದ ಒಂದು ಗೆರೆ ಎಳೆಯುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ, "ನಾ ಇರ್ತೀನೋ ಇಲ್ಲೋ ಮಾಸ್ತರ್ರ. ಮುಂದ ಬಿಚ್ಚಾಂವಗ ಎಷ್ಟು ಸಲ ಬಿಚ್ಚೇದಂತ ಗೊತ್ತಾಗಬೇಕಲ್ರಿ," ಎಂದಿದ್ದ. ನನ್ನ ಕಾರಿಗೆ ಹಾಗೆ ಎರಡು ಗೆರೆ ಎಳೆದದ್ದನ್ನು ನಾನೇ ಪಕ್ಕದಲ್ಲಿ ನಿಂತು ನೋಡಿದ್ದೆ.

ಮತ್ತೊಮ್ಮೆ ಕಾರು ಹೊಗೆ ಉಗುಳತೊಡಗಿತು. ಆಗ ನಾನು ಪರೀಕ್ಷೆಯ ಪೇಪರು ತಿದ್ದಲು ಪರ ಊರಿಗೆ ಹೋಗಬೇಕಿತ್ತು. ಸ್ವಲ್ಪ ನೋಡಿ ಇಡು ಎಂದು ಶೆಡ್ಡಿನಲ್ಲಿ ಬಿಟ್ಟು ಹೋದೆ. ವಾರದ ಮೇಲೆ ಬಂದರೆ ಇಂಜಿನ್ ಚಾಲೂ ಇತ್ತು, ಹೊಗೆ ಇರಲಿಲ್ಲ. ಮಿಸ್ತ್ರಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ಬಗ್ಗಿ ನಿಂತಿದ್ದ. ನನ್ನನ್ನು ಕಂಡು ಅದನ್ನು ಬಾಯಿಂದ ತೆಗೆದ.

"ಆಯಿಲ್ ಬದ್ಲಿ ಮಾಡೀನ್ರಿ, ಅದರ ರೊಕ್ಕ ಕೊಟ್ರ ಸಾಕು. ಖರೇ ಹೇಳ್ತೀನಿ ಮಾಸ್ತರ್ರ, ಇದರ ಆಯುಷ್ಯ ಮುಗೀತು. ಮತ್ತ ಕೆಟ್ರ ಬಿಚ್ಚಿಸಬ್ಯಾಡ್ರಿ, ಸುಮ್ನ ರೊಕ್ಕ ಹಾಳು. ಗುಜರಿಗೆ ಕೊಟ್ಟುಬಿಡ್ರಿ."

ಇಷ್ಟು ಹೇಳಿ ಮತ್ತೆ ಹಿಡಿಯನ್ನು ಕಚ್ಚಿ ಬಗ್ಗಿದ.

ಅವ್ವ ತೀರಿಕೊಂಡು ಆಗಿನ್ನೂ ಮೂರು ತಿಂಗಳು. ನನಗೆ ಮೈಯೆಲ್ಲ ಉರಿದುಹೋಯಿತು. "ನಮ್ಮಂಥ ಮಂದಿ ಕಾರಿನ್ಯಾಗ ಅಡ್ಡಾಡೂದು ನಿನಗೂ ನೋಡಾಕ ಆಗವಲ್ದೇನು? ಕಿವುಡಗ ಇಂಜಿನ್ ಏನ್ ತಿಳೀತದ?" ಎಂದು ಕಿರುಚಿದೆ. ಅವನು ತಲೆ ಎತ್ತಲಿಲ್ಲ. ಇಷ್ಟು ಬೈದರೂ ಅವನಿಗೆ ಕೇಳಿಸಲಿಲ್ಲವಲ್ಲ ಎಂಬ ಸಿಟ್ಟಿಗೆ ಮುಷ್ಟಿ ಕಟ್ಟಿ ಇಂಜಿನ್ ಮೇಲೆಯೇ ಗುದ್ದಿದೆ. ಮಿಸ್ತ್ರಿ ಬೆಚ್ಚಿ ಹಿಂದಕ್ಕೆ ಹಾರಿದ. ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಹಿಡಿ ಬಡಿದು ತುಟಿ ಒಡೆದು ರಕ್ತ ಬಂದಿತ್ತು. ಅಂಗಿಯ ತೋಳಿನಿಂದ ಒರೆಸಿಕೊಂಡು ನನ್ನನ್ನೇ ನೋಡಿದ. ನಾನು ಆಯಿಲ್ ರೊಕ್ಕವನ್ನು ಅಲ್ಲೇ ಎಸೆದು ಕಾರು ಹತ್ತಿದೆ.

ಆಮೇಲೆ ಆ ಕಾರು ಒಂಬತ್ತು ವರ್ಷ ಓಡಿತು. ನನಗೆ ದೇವದುರ್ಗಕ್ಕೆ ವರ್ಗವಾಯಿತು, ಅಲ್ಲಿಂದ ರಾಯಚೂರಿಗೆ. ಒಬ್ಬರೂ ಇಂಜಿನ್ನಿನ ಆ ಮುಚ್ಚಳ ಬಿಚ್ಚಲಿಲ್ಲ, ಬಿಚ್ಚುವ ಪ್ರಸಂಗವೇ ಬರಲಿಲ್ಲ. ಕಿವುಡ ಮಿಸ್ತ್ರಿ ಆಯುಷ್ಯ ಮುಗಿಯಿತು ಅಂದಿದ್ದ, ಹೇಗೆ ಓಡುತ್ತದೆ ನೋಡಿ ಎಂದು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಂಡೆ. ಅವನು ತೀರಿಹೋದ ಸುದ್ದಿಯನ್ನು ಮಾನ್ವಿ ಶಾಲೆಯ ಹಳೆಯ ಜವಾನ ತಂದಾಗ ಪಾಪ ಅಂದೆ. ಮಣ್ಣಿಗೂ ಹೋಗಲಿಲ್ಲ, ಆಮೇಲೆ ಮನೆಯವರನ್ನು ಮಾತಾಡಿಸಲೂ ಹೋಗಲಿಲ್ಲ.

ಇದೆಲ್ಲ ನೆನಪಾಗಿ, ಗ್ಯಾರೇಜಿನವರ ಕೈಯಿಂದ ಮುಚ್ಚಳ ಇಸಿದುಕೊಂಡು ಬೋರಲು ಮಾಡಿದೆ. ಬಟ್ಟೆಯಿಂದ ಮಸಿ ಒರೆಸಿದೆ. ಗೆರೆಗಳು ಕಂಡವು. ಒಂದು, ಎರಡು... ಮೂರು.

ಮತ್ತೊಮ್ಮೆ ಒರೆಸಿದೆ. ಮೂರೇ ಇದ್ದವು. ಹಾಗಾದರೆ ಆ ವಾರ ಅವನು ಬರೀ ಆಯಿಲ್ ಬದಲಿಸಿರಲಿಲ್ಲ. ಒಬ್ಬನೇ ಕೂತು ಇಂಜಿನ್ ಪೂರ್ತಿ ಬಿಚ್ಚಿ, ಕಟ್ಟಿ, ಕೂಲಿಯ ಮಾತೇ ಎತ್ತದೆ ಕೊಟ್ಟಿದ್ದ. ಹಿಂದಿನ ಸಲದ ತನ್ನ ಕೈತಪ್ಪನ್ನು ಸರಿಮಾಡಿದನೋ, ನನ್ನವ್ವ ಹೋದ ಸಂಕಟ ಅವನಿಗೆ ತಿಳಿದಿತ್ತೋ... ಕೇಳೋಣವೆಂದರೆ ಅವನಿಲ್ಲ. ಒಂಬತ್ತು ವರ್ಷ ನಾನು ಅವನ ಕೆಲಸದ ಮೇಲೆ ಕೂತು ಓಡಾಡಿ ಅವನನ್ನೇ ಆಡಿಕೊಂಡಿದ್ದೆ. ನಾಚಿಕೆಯಿಂದ ಸತ್ತಂತಾಯಿತು.

"ಚಲೋ ಕೈಯಾಂವ ಮಾಡ್ಯಾನ್ರಿ," ಎಂದರು ಗ್ಯಾರೇಜಿನವರು. "ಇಲ್ಲಂದ್ರ ಇದು ಎಂದೋ ಬಂದ್ ಬಿದ್ದು ಕೂಡತಿತ್ತು. ಏನ್ ಮಾಡೂನ್ರಿ ಸರ?"

"ಬಿಚ್ಚಬ್ಯಾಡ್ರಿ," ಎಂದೆ. "ಗುಜರಿಯವಗ ಫೋನ್ ಹಚ್ರಿ." ಮಿಸ್ತ್ರಿಯ ಮಾತನ್ನು ಒಮ್ಮೆಯಾದರೂ ಕೇಳಿದಂತಾಯಿತು. ಅದರಿಂದ ಈಗ ಯಾರಿಗೆ ಏನು ಬಂತು...

ಕಾರಿನ ಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಬಿದ್ದಿತ್ತು. ಯಾಕೋ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ತುದಿಯನ್ನು ಇಂಜಿನ್ನಿಗೆ ಆನಿಸಿದೆ. ಬಂದಾದ ಇಂಜಿನ್, ಏನೂ ಕೇಳಿಸಲಿಲ್ಲ. ಅಷ್ಟರಲ್ಲಿ ಗ್ಯಾರೇಜಿನವರು ಆ ಕಡೆಯಿಂದ ಮುಚ್ಚಳವನ್ನು ಇಂಜಿನ್ ಮೇಲೆ ಇಟ್ಟರು. ಮೆಲ್ಲಗೇ ಇಟ್ಟದ್ದು. ಆದರೂ ಆ ಸದ್ದು ಹಲ್ಲಿನಿಂದ ನೆತ್ತಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಅಂದು ನಾನು ಮುಷ್ಟಿ ಕಟ್ಟಿ ಗುದ್ದಿದ್ದೆ.